ಟಿಬಿ ಮಾತ್ರೆಗೂ ಇಳಿಯದ ಜ್ವರ, ಸ್ಪ್ಲೀನ್‌ನಲ್ಲಿ (ಗುಲ್ಮ) ಸಣ್ಣ ಸಣ್ಣ ಕೀವಿನ ಗಂಟು: ಮೆಲಿಯಾಯ್ಡೋಸಿಸ್ ಕಡೆ ಯೋಚಿಸಬೇಕಾ?

ಆಲೂರು ಡ್ಯೂಟಿ
ಆಗಸ್ಟ್ 6, ರಾತ್ರಿ 9:40

ಗಂಡಸು, 52 ವರ್ಷ, ಗದ್ದೆ ಕೆಲಸ. ಈಗಿನ ತೂಕ 48 ಕೆಜಿ, ಮಳೆಗಾಲಕ್ಕೆ ಮುಂಚೆ 57 ಇತ್ತಂತೆ. ಆರು ವರ್ಷದಿಂದ ಶುಗರ್. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತಗೊಳ್ಳೋದು ನೆನಪಾದಾಗ ಮಾತ್ರ. ಬಿಪಿಗೆ ಟೆಲ್ಮಿಸಾರ್ಟನ್ 40. ಒಟ್ಲು ಹಾಕುವ ಹೊತ್ತಿಗೆ ಶುರುವಾದ ಜ್ವರ, ಐದು ವಾರ ಆಯ್ತು. ಕೆಮ್ಮು, ರಾತ್ರಿ ಬೆವರು. ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಕಲೆ. ಕಫ ಎರಡು ಸಲ ನೆಗೆಟಿವ್, ಟ್ರೂನ್ಯಾಟ್ (ಟಿಬಿಯ ಜೀನ್ ಪರೀಕ್ಷೆ) ನೆಗೆಟಿವ್. ಆದರೂ ಬೇರೆ ಕಡೆ ಟಿಬಿ ಅಂತ ನಾಲ್ಕು ಔಷಧಿಯ ಮಾತ್ರೆ ಶುರು ಮಾಡಿ ಮೂರು ವಾರ ಕೊಟ್ಟಿದ್ದಾರೆ. ವೈಡಾಲ್ (ಟೈಫಾಯ್ಡ್‌ನ ರಕ್ತ ಪರೀಕ್ಷೆ) 1:160 ಬಂತೆಂದು ಐದು ದಿನ ಸೆಫ್ಟ್ರಿಯಾಕ್ಸೋನ್ ಕೂಡ ಹೋಗಿದೆ. ಜ್ವರ ಇವತ್ತೂ 102.

ಬಿಳಿ ರಕ್ತಕಣ 16,000, ಪ್ಲೇಟ್‌ಲೆಟ್ 2.1 ಲಕ್ಷ, ಕ್ರಿಯಾಟಿನಿನ್ 1.1, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 11.4. ಇವತ್ತಿನ ಸ್ಕ್ಯಾನ್‌ನಲ್ಲಿ ಸ್ಪ್ಲೀನ್ ತುಂಬಾ ಒಂದು ಸೆಂ.ಮೀ. ಒಳಗಿನ ಏಳೆಂಟು ಕಪ್ಪು ಮಚ್ಚೆ, ಲಿವರ್‌ನಲ್ಲಿ ಒಂದು. ಎಸ್ಕಾರ್ (ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ) ಹುಡುಕಿದೆ, ಕಂಕುಳು, ತೊಡೆಸಂದು, ಸೊಂಟ ಎಲ್ಲೂ ಇಲ್ಲ. ಮುಂದೇನು?

ಘಟ್ಟದ ಫಿಜಿಶಿಯನ್
ಆಗಸ್ಟ್ 6, ರಾತ್ರಿ 10:22

ಹತೋಟಿ ತಪ್ಪಿದ ಶುಗರ್, ಮಳೆ, ಕೆಸರಿನ ಕೆಲಸ, ಸ್ಪ್ಲೀನ್‌ನಲ್ಲಿ ಒಂದಲ್ಲ, ಹಲವಾರು ಕೀವಿನ ಗಂಟು. ಈ ನಾಲ್ಕೂ ಒಟ್ಟಿಗೆ ಸಿಕ್ಕರೆ, ಬೇರೆಯದು ಸಾಬೀತಾಗುವ ತನಕ ಅದು ಮೆಲಿಯಾಯ್ಡೋಸಿಸ್ ಅಂತಲೇ ಹಿಡಿದು ನಡೆಯಬೇಕು. ಅದನ್ನು ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಮಣ್ಣು ಮತ್ತು ನಿಂತ ನೀರಿನಲ್ಲಿರುವ ಜೀವಾಣು. ಗಾಯದಿಂದ, ಉಸಿರಿನಿಂದ, ಕೆಲವೊಮ್ಮೆ ಕುಡಿಯುವ ನೀರಿನಿಂದ ಒಳಗೆ ಹೋಗುತ್ತದೆ. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ರಂಗೂನಿನಲ್ಲಿ 1911ರಲ್ಲಿ ಗುರುತಿಸಿದ್ದು. ಕರ್ನಾಟಕದಲ್ಲಿ ಕೇಸು ಹೆಚ್ಚು ಸಿಕ್ಕಿರುವುದು ಕರಾವಳಿಯಲ್ಲಿ, ಅಲ್ಲಿ ಹುಡುಕುವ ಲ್ಯಾಬ್‌ಗಳೂ ಇವೆ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಗದ್ದೆಯೂ ಇದೆ, ಶುಗರೂ ಇದೆ, ಕಲ್ಚರ್ (ಜೀವಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸುವ ಅಭ್ಯಾಸ ಕಡಿಮೆ.

ಇದು ಟಿಬಿಯ ವೇಷ ಹಾಕಿಕೊಂಡು ಬರುವ ಕಾಯಿಲೆ. ಮೇಲ್ಭಾಗದ ಕಲೆ, ತೂಕ ಇಳಿಯುವುದು, ರಾತ್ರಿ ಬೆವರು ಎಲ್ಲ ಅದೇ. ವ್ಯತ್ಯಾಸ ನೋಡಬೇಕಾದ್ದು ಎರಡು ಕಡೆ: ಬಿಳಿ ರಕ್ತಕಣ 16,000 ಟಿಬಿಗೆ ಅಷ್ಟಾಗಿ ಒಗ್ಗುವುದಿಲ್ಲ, ಮತ್ತು ಶ್ವಾಸಕೋಶ ಬಿಟ್ಟು ಬೇರೆ ಕಡೆಯ ಕೀವು. ವೈಡಾಲ್ ಒಂದೇ ಒಂದು 1:160 ಅನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಪಕ್ಕದಲ್ಲಿಟ್ಟುಕೊಳ್ಳಬೇಕಾದವು: ಅಮೀಬಾದ ಕೀವುಗಂಟು ಸಾಮಾನ್ಯವಾಗಿ ಲಿವರ್‌ನ ಬಲಭಾಗದಲ್ಲಿ ದೊಡ್ಡದೊಂದು, ಸ್ಪ್ಲೀನ್ ಮುಟ್ಟುವುದು ಅಪರೂಪ. ಹಸಿ ಹಾಲು, ಕುರಿ-ಮೇಕೆ ಹೆರಿಗೆ ಮುಟ್ಟಿದವರಲ್ಲಿ ಬ್ರುಸೆಲ್ಲಾ (ಸಾಕುಪ್ರಾಣಿಯಿಂದ ಬರುವ ಜ್ವರ) ಕೇಳಿ. ಸ್ಕ್ರಬ್ ಟೈಫಸ್ (ನುಸಿ ಕಡಿತದ ಜ್ವರ) ಆಗಿದ್ದರೆ ಡಾಕ್ಸಿಸೈಕ್ಲಿನ್‌ಗೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಲ್ಲೊಂದು ಮೋಸವಿದೆ: ಡಾಕ್ಸಿಗೆ ಮೆಲಿಯಾಯ್ಡೋಸಿಸ್ ಕೂಡ ಸ್ವಲ್ಪ ಬಗ್ಗುತ್ತದೆ. ಜ್ವರ ಅರ್ಧ ಇಳಿದು ಮತ್ತೆ ಏರಿದರೆ ‘ಸ್ಕ್ರಬ್, ವಾಸಿಯಾಯ್ತು’ ಅಂತ ಫೈಲ್ ಮುಚ್ಚಬಾರದು. ಮಂಗನ ಕಾಯಿಲೆಯ ಕಾಲ ಇದಲ್ಲ, ಅದರಲ್ಲಿ ಕೀವೂ ಕಟ್ಟುವುದಿಲ್ಲ.

ಸೆಫ್ಟ್ರಿಯಾಕ್ಸೋನ್‌ಗೆ ಇಳಿಯಲಿಲ್ಲ ಅನ್ನುವುದು ಆಶ್ಚರ್ಯವೇ ಅಲ್ಲ. ಲ್ಯಾಬಿನ ಪ್ಲೇಟ್‌ನಲ್ಲಿ ಅಷ್ಟೋ ಇಷ್ಟೋ ಕೆಲಸ ಮಾಡಿದಂತೆ ಕಂಡರೂ ರೋಗಿಯಲ್ಲಿ ಸೋಲುತ್ತದೆ. ರಾತ್ರಿಯೇ ಕಲ್ಚರ್‌ಗೆ ರಕ್ತ ತೆಗೆಯಿರಿ, ತೆಗೆದ ಮೇಲೆ ಸೆಫ್ಟಾಜಿಡೈಮ್ ಶುರು ಮಾಡಿ. ವರದಿ ಕಾಯುತ್ತ ಕೂರಬೇಡಿ.

ಪ್ಲೇಟ್ ರೀಡರ್
ಆಗಸ್ಟ್ 6, ರಾತ್ರಿ 10:51

ರಕ್ತ ಒಂದೇ ಅಲ್ಲ, ಮೇಡಂ. ಒಂದು ಸಲದ ಕಲ್ಚರ್ ಹತ್ತರಲ್ಲಿ ಆರು ಕೇಸು ಹಿಡಿದರೆ ಹೆಚ್ಚು. ಅದಕ್ಕೇ ಲಕ್ಷಣ ಇರಲಿ ಬಿಡಲಿ ಎಲ್ಲ ಕಡೆಯಿಂದಲೂ ತೆಗೆಯಬೇಕು: ರಕ್ತ, ಕಫ, ಮೂತ್ರ, ಗಂಟಲಿನ ಸ್ವ್ಯಾಬ್, ಗುದದ ಸ್ವ್ಯಾಬ್, ಕೀವು ಸಿಕ್ಕರೆ ಕೀವು. ಗಂಟಲು ಅಥವಾ ಮೂತ್ರದಲ್ಲಿ ಒಂದೇ ಒಂದು ಕಾಲೊನಿ ಬಂದರೂ ಅದು ರೋಗವೇ. ಇದು ಮನುಷ್ಯನ ಮೈಯಲ್ಲಿ ಸುಮ್ಮನೆ ವಾಸ ಮಾಡುವ ಜೀವಾಣು ಅಲ್ಲ.

ರಕ್ತ ತೆಗೆಯುವ ರೀತಿ: ಎರಡು ಬೇರೆ ಬೇರೆ ಜಾಗದಿಂದ, ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ಸ್ಪಿರಿಟ್‌ನಲ್ಲಿರುವ 2% ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಉಜ್ಜಿ, 30 ಸೆಕೆಂಡ್ ಒಣಗಲು ಬಿಡಿ. ಒರೆಸಿದ ತಕ್ಷಣ ಸೂಜಿ ಚುಚ್ಚುವುದರಿಂದಲೇ ಎಷ್ಟೋ ಬಾಟಲಿ ಕಲುಷಿತವಾಗಿ ಬರುವುದು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಬೇರೆ ಟ್ಯೂಬ್‌ಗಳಿಗಿಂತ ಮೊದಲು ಕಲ್ಚರ್ ಬಾಟಲಿಗೆ ತುಂಬಿ. 3 ಮಿ.ಲೀ. ಹಾಕಿ ಕಳಿಸಿದರೆ ‘ಬೆಳವಣಿಗೆ ಇಲ್ಲ’ ಎಂಬ ವರದಿಗೆ ಅರ್ಥವಿಲ್ಲ.

ಇನ್ನೊಂದು ಮುಖ್ಯ. ಚೀಟಿಯಲ್ಲಿ ‘ಜ್ವರ’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ‘ಮೆಲಿಯಾಯ್ಡೋಸಿಸ್ ಶಂಕೆ, ಶುಗರ್ ರೋಗಿ, ಗದ್ದೆ ಕೆಲಸ’ ಅಂತ ಬರೆಯಿರಿ. ಹಾಗೆ ಬರೆದರೆ ಕಫ, ಸ್ವ್ಯಾಬ್, ಮೂತ್ರವನ್ನು ಈ ಜೀವಾಣು ಬೆಳೆಸಲೆಂದೇ ಇರುವ ಆಶ್‌ಡೌನ್ ಮಾಧ್ಯಮಕ್ಕೆ ಹಾಕುತ್ತೇವೆ, ಅದರಲ್ಲಿರುವ ಜೆಂಟಾಮೈಸಿನ್ ಬಾಯಿ-ಗುದದ ಉಳಿದ ಜೀವಾಣುಗಳನ್ನು ತಡೆಯುತ್ತದೆ. ಪ್ಲೇಟನ್ನು ಎರಡು ದಿನಕ್ಕೆ ಎಸೆಯದೆ ಏಳು ದಿನ ಇಡುತ್ತೇವೆ. ನಮ್ಮ ಟೆಕ್ನಿಷಿಯನ್‌ಗಳೂ ಸುರಕ್ಷತಾ ಕ್ಯಾಬಿನೆಟ್ ಒಳಗೆ ಕೆಲಸ ಮಾಡುತ್ತಾರೆ.

ಆಲೂರು ಡ್ಯೂಟಿ
ಆಗಸ್ಟ್ 6, ರಾತ್ರಿ 11:08

ಎರಡು ಬಾಟಲಿ ತೆಗೆದೆ. ಇಲ್ಲಿ ಕಲ್ಚರ್ ಯಂತ್ರ ಇಲ್ಲ. ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ರೋಗಿ ಜೊತೆಗೇ ಹಾಸನಕ್ಕೆ ಕಳಿಸಲಾ?

ಪ್ಲೇಟ್ ರೀಡರ್
ಆಗಸ್ಟ್ 6, ರಾತ್ರಿ 11:13

ರಕ್ತದ ಬಾಟಲಿ ಫ್ರಿಜ್‌ಗೆ ಬೇಡವೇ ಬೇಡ. ಮೇಜಿನ ಮೇಲೆ, ಕೋಣೆಯ ಉಷ್ಣತೆಯಲ್ಲಿ ಇರಲಿ. ಕಫ ಮತ್ತು ಮೂತ್ರ ಮಾತ್ರ ಫ್ರಿಜ್‌ನಲ್ಲಿ, ಐಸ್ ಪೆಟ್ಟಿಗೆಯಲ್ಲಿ ಹೋಗಲಿ. ಕೀವು ತೆಗೆದರೆ ಹತ್ತಿ ಸ್ವ್ಯಾಬ್‌ಗೆ ಬಳಿದು ಒಣಗಿಸಬೇಡಿ, ಸ್ಟೆರೈಲ್ ಡಬ್ಬಿಗೆ ಒಂದೆರಡು ಮಿ.ಲೀ. ಹಾಕಿ. ಫಾರ್ಮಲಿನ್ ಡಬ್ಬಿಗೆ ಹಾಕಿದರೆ ಜೀವಾಣು ಅಲ್ಲೇ ಸಾಯುತ್ತದೆ.

ಪ್ಯಾಕಿಂಗ್ ಮೂರು ಪದರ: ಬಾಟಲಿ, ಅದರ ಸುತ್ತ ಹೀರುವ ಹತ್ತಿ ಇರುವ ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ರೋಗಿಯ ಮಾದರಿ ಹೀಗೆ ಹೋಗಬಹುದು. ಆದರೆ ಬೆಳೆದು ನಿಂತ ಕಲ್ಚರ್ ಪ್ಲೇಟ್ ಅಥವಾ ಸ್ಲೋಪ್ (ಕಲ್ಚರ್ ಟ್ಯೂಬ್) ಸಾಗಿಸುವ ನಿಯಮವೇ ಬೇರೆ, ಅದು ಎ ವರ್ಗದ, ಅಂದರೆ ಅತಿ ಅಪಾಯದ ಸೋಂಕು ವಸ್ತು. ಮುಂದೆ ಮಣಿಪಾಲಕ್ಕೋ ಇನ್ನೆಲ್ಲಿಗೋ ಖಚಿತಪಡಿಸಲು ಕಳಿಸಬೇಕಾದರೆ ಬಸ್ಸಿನ ಡ್ರೈವರ್ ಕೈಗೆ ಪಾರ್ಸಲ್ ಕೊಟ್ಟು ಶಿರಾಡಿ ಇಳಿಸುವ ಕೆಲಸ ಮಾಡಬೇಡಿ. ಮೊದಲು ಆ ಲ್ಯಾಬ್‌ಗೆ ಫೋನ್ ಮಾಡಿ.

ಮೂಡಿಗೆರೆ ಜಿಪಿ
ಆಗಸ್ಟ್ 7, ಬೆಳಿಗ್ಗೆ 7:30

ರಕ್ತದಲ್ಲಿ ಆ್ಯಂಟಿಬಾಡಿ ನೋಡಿದರೆ ಒಂದೇ ದಿನಕ್ಕೆ ಮುಗಿಯುತ್ತಲ್ಲ? ಮತ್ತೆ, ಇಷ್ಟು ಯೋಚನೆ ಯಾಕೆ, ನೇರ ಮೆರೋಪೆನೆಮ್ ಕೊಟ್ಟರೆ ಎಲ್ಲವೂ ಕವರ್ ಆಗುತ್ತೆ.

ಘಟ್ಟದ ಫಿಜಿಶಿಯನ್
ಆಗಸ್ಟ್ 7, ಬೆಳಿಗ್ಗೆ 8:05

ಆ್ಯಂಟಿಬಾಡಿ ಪರೀಕ್ಷೆ ಎರಡೂ ಕಡೆ ಕೈಕೊಡುತ್ತದೆ ಸರ್. ಕೆಸರಿನಲ್ಲೇ ಬದುಕಿದವರಲ್ಲಿ ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು, ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು. ಅದರ ಮೇಲೆ ಮೂರು ತಿಂಗಳ ಔಷಧಿ ನಿಲ್ಲಿಸುವುದೂ ಆಗದು, ಶುರು ಮಾಡುವುದೂ ಆಗದು. ಪಿಸಿಆರ್ ಇದ್ದರೆ ಕೀವಿನ ಮೇಲೆ ಉಪಯೋಗ, ರಕ್ತದ ಮೇಲೆ ಅಷ್ಟು ಹಿಡಿಯುವುದಿಲ್ಲ.

ಮೆರೋಪೆನೆಮ್ ತಪ್ಪಲ್ಲ, ಅದನ್ನು ಉಳಿಸಿಕೊಳ್ಳುವ ಜಾಗ ಬೇರೆ. ಬಿಪಿ ಬಿದ್ದವರು, ವೆಂಟಿಲೇಟರ್ ಬೇಕಾದವರು, ಮೆದುಳಿಗೆ ಹೋದವರು: ಇವರಿಗೆ ಮೆರೋಪೆನೆಮ್. 1 ಗ್ರಾಂ 8 ಗಂಟೆಗೊಮ್ಮೆ, ಮೆದುಳಾದರೆ 2 ಗ್ರಾಂ. ಈ ರೋಗಿ ನಿಂತು ಮಾತಾಡುತ್ತಿದ್ದಾರೆ, ಸೆಫ್ಟಾಜಿಡೈಮ್ ಸಾಕು. 1989ರಲ್ಲಿ ಥಾಯ್ಲೆಂಡಿನ ಅಧ್ಯಯನದಲ್ಲಿ ತೀವ್ರ ರೋಗಿಗಳ ಸಾವನ್ನು 74%ರಿಂದ 37%ಕ್ಕೆ ಇಳಿಸಿದ್ದು ಇದೇ ಔಷಧಿ.

ಡೋಸ್ 50 ಮಿ.ಗ್ರಾಂ ಪ್ರತಿ ಕೆಜಿಗೆ, ಗರಿಷ್ಠ 2 ಗ್ರಾಂ, 6 ಗಂಟೆಗೊಮ್ಮೆ. 48 ಕೆಜಿಗೂ 2 ಗ್ರಾಂ ಪೂರ್ತಿ ಬರುತ್ತದೆ. ಕಿಡ್ನಿ ಲೆಕ್ಕ: 140ರಲ್ಲಿ ವಯಸ್ಸು 52 ಕಳೆದರೆ 88, ಅದನ್ನು ತೂಕ 48ರಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್ 1.1ರ ಗುಣಲಬ್ಧದಿಂದ ಭಾಗಿಸಿ. ನಿಮಿಷಕ್ಕೆ 53 ಮಿ.ಲೀ. ಬರುತ್ತದೆ, ಸದ್ಯ ಡೋಸ್ ಇಳಿಸಬೇಕಿಲ್ಲ. ಆದರೆ ಗಡಿಯಲ್ಲೇ ಇದೆ, ಎರಡು ದಿನಕ್ಕೊಮ್ಮೆ ಕ್ರಿಯಾಟಿನಿನ್ ನೋಡಿ. ಕಿಡ್ನಿ ಕುಸಿದಾಗ ಡೋಸ್ ಇಳಿಸದಿದ್ದರೆ ಸೆಫ್ಟಾಜಿಡೈಮ್ ಮಂಪರು, ಕೈಕಾಲು ಜರ್ಕ್ ತರುತ್ತದೆ. ಅದನ್ನು ಮೆದುಳಿನ ಸೋಂಕು ಅಂತ ತಿಳಿದು ಡೋಸ್ ಇನ್ನೂ ಏರಿಸಿದರೆ ಕಥೆ ಮುಗಿಯಿತು.

ಜೆಂಟಾಮೈಸಿನ್ ಸೇರಿಸಬೇಡಿ, ಕೊಲಿಸ್ಟಿನ್ ಕೆಲಸಕ್ಕೇ ಬರುವುದಿಲ್ಲ. ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ ವರದಿಯಲ್ಲಿ ಎಸ್ (ಜೀವಾಣು ಬಗ್ಗುತ್ತದೆ) ಅಂತ ಬಂದರೂ ಮೊದಲ ಆಯ್ಕೆಯಲ್ಲ. ಅರ್ಟಾಪೆನೆಮ್ ಕೂಡ ಮೆರೋಪೆನೆಮ್‌ನಂತೆ ಕಾರ್ಬಪೆನೆಮ್ ಗುಂಪಿನದು ತಾನೇ ಅಂತ ಹಾಕಬೇಡಿ, ಇದಕ್ಕೆ ನಾಟುವುದಿಲ್ಲ.

ವಾರ್ಡ್ ಸಿಸ್ಟರ್ ಚಿಕ್ಕಮಗಳೂರು
ಆಗಸ್ಟ್ 7, ಬೆಳಿಗ್ಗೆ 9:16

ಸೆಫ್ಟಾಜಿಡೈಮ್ ಕಲಸುವವರಿಗೆ: ನೀರು ಹಾಕಿದ ಕೂಡಲೇ ವಯಲ್ ಒಳಗೆ ಗ್ಯಾಸ್ ಏಳುತ್ತೆ, ಒತ್ತಡಕ್ಕೆ ಸಿರಿಂಜಿನ ಪಿಸ್ಟನ್ ತಾನೇ ಹಿಂದೆ ಬರುತ್ತೆ. 1 ಗ್ರಾಂಗೆ 10 ಮಿ.ಲೀ. ನೀರು ಹಾಕಿ, ಕುಲುಕಿ, ಒಂದೆರಡು ನಿಮಿಷ ಬಿಡಿ. ಪುಡಿ ಪೂರ್ತಿ ಕರಗಿದ ಮೇಲೆ ಸೂಜಿ ಚುಚ್ಚಿ ಗ್ಯಾಸ್ ಬಿಡಿ, ಆಮೇಲೆ ಎಳೆಯಿರಿ. ಅವಸರಪಟ್ಟರೆ ನೊರೆ ಸಮೇತ ಎಳೆದು ಡೋಸ್ ಕಮ್ಮಿ ಹೋಗುತ್ತೆ. 100 ಮಿ.ಲೀ. ಸಲೈನ್‌ನಲ್ಲಿ ಅರ್ಧ ಗಂಟೆ. ಅದೇ ಲೈನ್‌ನಲ್ಲಿ ವ್ಯಾಂಕೋಮೈಸಿನ್ ಹಾಕಿದರೆ ಬಿಳಿ ಕಟ್ಟುತ್ತೆ, ಮಧ್ಯೆ ಸಲೈನ್ ಬಿಟ್ಟು ತೊಳೆಯಬೇಕು.

ರಾತ್ರಿ 12 ಮತ್ತು ಬೆಳಗಿನ ಜಾವ 6ರ ಡೋಸ್ ತಪ್ಪುವುದೇ ಹೆಚ್ಚು. ಡ್ಯೂಟಿ ಬದಲಾಗುವಾಗ ಬಾಯಲ್ಲಿ ಹೇಳಿ, ಚಾರ್ಟ್ ನಂಬಿ ಕೂರಬೇಡಿ.

ಸ್ಕ್ಯಾನ್ ರೂಮ್
ಆಗಸ್ಟ್ 7, ಬೆಳಿಗ್ಗೆ 11:40

ಮೂತ್ರದ ಬಗ್ಗೆ ಯಾರೂ ಕೇಳಲಿಲ್ಲ. ಗಂಡಸಾದರೆ ಪ್ರಾಸ್ಟೇಟ್ ನೋಡದೆ ಬಿಡಬಾರದು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಈ ಕಾಯಿಲೆ ಬಂದ ಗಂಡಸರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರಿಗೆ ಅಲ್ಲಿ ಕೀವು ಸಿಕ್ಕಿದೆ. ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ, ಅದೂ ಮೂತ್ರಕೋಶ ಖಾಲಿ ಇದ್ದಾಗ, ಅದು ತಪ್ಪಿಹೋಗುತ್ತದೆ. ಕ್ರಿಯಾಟಿನಿನ್ ಒಪ್ಪಿದರೆ ಎದೆ, ಹೊಟ್ಟೆ ಮತ್ತು ಪೆಲ್ವಿಸ್ ಸೇರಿಸಿ ಕಾಂಟ್ರಾಸ್ಟ್ ಸಿಟಿ ಮಾಡಿಸಿ. ಪೆಲ್ವಿಸ್ ಅಂತ ಚೀಟಿಯಲ್ಲಿ ಬರೆಯದಿದ್ದರೆ ಎಷ್ಟೋ ಕಡೆ ಸೊಂಟದ ಮೇಲೆಯೇ ನಿಲ್ಲಿಸುತ್ತಾರೆ. ಮೆಟ್‌ಫಾರ್ಮಿನ್ ಹೇಗೂ ಈಗ ನಿಲ್ಲಿಸಿರುತ್ತೀರಿ.

ಲಿವರ್‌ನಲ್ಲಿ ದೊಡ್ಡದಿದ್ದರೆ ಒಳಗೆ ಸಣ್ಣ ಸಣ್ಣ ಗೂಡು ಗೂಡಾಗಿ ಜೇನು ಹುಟ್ಟಿನಂತೆ ಕಾಣುತ್ತದೆ. ಸಿಟಿಯಲ್ಲಿ ಹಾಗೆ ಕಂಡರೆ ಮೆಲಿಯಾಯ್ಡೋಸಿಸ್ ಸಾಧ್ಯತೆ ಬಹಳ ಬಲವಾಗುತ್ತದೆ. ಸಣ್ಣವಕ್ಕೆ ಹಾಗೆ ಹೇಳಲು ಬರುವುದಿಲ್ಲ.

ಆಲೂರು ಡ್ಯೂಟಿ
ಆಗಸ್ಟ್ 8, ರಾತ್ರಿ 8:15

ನಿನ್ನೆ ಹಾಸನಕ್ಕೆ ಕಳಿಸಿದೆ, ಅಲ್ಲಿಯ ಪಿಜಿ ಡಾಕ್ಟರ್ ಜೊತೆ ಮಾತಾಡುತ್ತಿದ್ದೇನೆ. ಕೇಳಿದಾಗ ರೋಗಿ ಹೇಳಿದರಂತೆ: ಮೂರು ವಾರದಿಂದ ಮೂತ್ರ ತಡೆದು ತಡೆದು ಬರುತ್ತಿದೆ, ಕೂತರೆ ನೋವು. ‘ಜ್ವರಕ್ಕೂ ಅದಕ್ಕೂ ಏನು ಸಂಬಂಧ’ ಅಂತ ಇಷ್ಟು ದಿನ ಹೇಳಿರಲಿಲ್ಲ. ಸಿಟಿಯಲ್ಲಿ ಪ್ರಾಸ್ಟೇಟ್‌ನಲ್ಲಿ 3.4 ಸೆಂ.ಮೀ. ಕೀವು. ಸ್ಪ್ಲೀನ್‌ನಲ್ಲಿ ಒಂಬತ್ತು, ದೊಡ್ಡದು 1.2. ಸ್ಪ್ಲೀನ್ ಮತ್ತು ಪ್ರಾಸ್ಟೇಟ್ ಎರಡನ್ನೂ ತೆಗೆಯಬೇಕಾ?

ಸ್ಕ್ಯಾನ್ ರೂಮ್
ಆಗಸ್ಟ್ 8, ರಾತ್ರಿ 9:02

ಸ್ಪ್ಲೀನ್ ಮುಟ್ಟಬೇಡಿ. ಅಷ್ಟು ಸಣ್ಣ ಗಂಟುಗಳು ಔಷಧಿಗೇ ಕರಗುತ್ತವೆ, ಸೂಜಿ ಹಾಕಿದರೆ ರಕ್ತ ಸೋರುವ ಅಪಾಯವೇ ಹೆಚ್ಚು. ಪ್ರಾಸ್ಟೇಟ್ ಹಾಗಲ್ಲ, 3.4 ಸೆಂ.ಮೀ. ಬರೀ ಔಷಧಿಯಲ್ಲಿ ಹೋಗುವುದಿಲ್ಲ. ಗುದದ ಮೂಲಕ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಎಳೆಯಬಹುದು, ಮತ್ತೆ ತುಂಬಿಕೊಂಡರೆ ಯುರಾಲಜಿಯವರು ಮೂತ್ರನಾಳದಿಂದ ತೆರೆದು ಬಿಡುತ್ತಾರೆ. ಅಕಸ್ಮಾತ್ ಮೂತ್ರ ಪೂರ್ತಿ ಕಟ್ಟಿದರೆ ಕೆಳಗಿನಿಂದ ಫೋಲಿ (ಮೂತ್ರದ ಟ್ಯೂಬ್) ತುರುಕುವ ಬದಲು ಹೊಟ್ಟೆ ಮೇಲಿಂದ ಟ್ಯೂಬ್ ಹಾಕುವುದು ಒಳ್ಳೆಯದು. ಬೆರಳು ಹಾಕಿ ಪ್ರಾಸ್ಟೇಟ್ ಒತ್ತಿ ನೋಡುವುದನ್ನೂ ಪದೇ ಪದೇ ಮಾಡಬೇಡಿ.

ಎಳೆದ ಕೀವು ಸಕ್ಕರ್‌ಗೆ ಹೋಗದಿರಲಿ. ಕಲ್ಚರ್‌ಗೆ, ಟಿಬಿ ಪರೀಕ್ಷೆಗೆ, ಎರಡಕ್ಕೂ.

ಘಟ್ಟದ ಫಿಜಿಶಿಯನ್
ಆಗಸ್ಟ್ 8, ರಾತ್ರಿ 9:30

ಪ್ರಾಸ್ಟೇಟ್ ಇರುವುದರಿಂದ ಸೆಫ್ಟಾಜಿಡೈಮ್ ಜೊತೆಗೇ ಈಗಿನಿಂದಲೇ ಕೋಟ್ರೈಮಾಕ್ಸಜೋಲ್ (ಟ್ರೈಮೆಥೋಪ್ರಿಮ್ ಮತ್ತು ಸಲ್ಫಾ ಸೇರಿದ ಮಾತ್ರೆ) ಸೇರಿಸಿ. ಪ್ರಾಸ್ಟೇಟ್, ಮೂಳೆ, ಕೀಲು, ಚರ್ಮ, ಮೆದುಳು, ಈ ಜಾಗಗಳಿಗೆ ಅದು ಚೆನ್ನಾಗಿ ಇಳಿಯುತ್ತದೆ. 40ರಿಂದ 60 ಕೆಜಿಗೆ 240/1200 ಮಿ.ಗ್ರಾಂ 12 ಗಂಟೆಗೊಮ್ಮೆ, ಅಂದರೆ ಡಿಎಸ್ (160/800ರ) ಮಾತ್ರೆ ಒಂದೂವರೆ. ಸಲ್ಫಾ ಅಲರ್ಜಿ ಕೇಳಿ, ಜಿ6ಪಿಡಿ (ಕೆಂಪು ರಕ್ತಕಣದ ಕಿಣ್ವ) ನೋಡಿ, ಜೊತೆಗೆ ಫೋಲಿಕ್ ಆ್ಯಸಿಡ್ 5 ಮಿ.ಗ್ರಾಂ ದಿನಕ್ಕೊಂದು.

ಸೇರಿಸುವ ಮುನ್ನ ಹಳೇ ಚೀಟಿ ಎರಡು ಕಡೆ ತಿದ್ದಬೇಕು. ಟೆಲ್ಮಿಸಾರ್ಟನ್ ನಿಲ್ಲಿಸಿ ಅಮ್ಲೋಡಿಪಿನ್‌ಗೆ ಹೋಗಿ, ಇಲ್ಲದಿದ್ದರೆ ಪೊಟ್ಯಾಸಿಯಂ ಏರುತ್ತದೆ. ಗ್ಲಿಮೆಪಿರೈಡ್ ನಿಲ್ಲಿಸಿ ಇನ್ಸುಲಿನ್‌ಗೆ ಹೋಗಿ. ಸಲ್ಫಾ ಜೊತೆ ಗ್ಲಿಮೆಪಿರೈಡ್ ಸೇರಿದರೆ ಶುಗರ್ 40ಕ್ಕೂ ಬೀಳಬಹುದು. ಇಲ್ಲಿ ಇನ್ನೊಂದು ಎಳೆಯಿದೆ: ಇಷ್ಟು ದಿನ ಟಿಬಿ ಮಾತ್ರೆಯ ರಿಫಾಂಪಿಸಿನ್ ಗ್ಲಿಮೆಪಿರೈಡ್ ಅನ್ನು ಬೇಗ ಬೇಗ ಕರಗಿಸಿ ಹಾಕುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಸುಮಾರು ಎರಡು ವಾರದಲ್ಲಿ ಆ ಪ್ರಭಾವ ಇಳಿಯುತ್ತದೆ. ಹಳೇ ಮಾತ್ರೆ, ಹಳೇ ಡೋಸ್ ಅಂತ ಮನೆಯಲ್ಲಿ ಮುಂದುವರಿಸಿದರೆ ಆಗ ಶುಗರ್ ದಿಢೀರ್ ಇಳಿಯುತ್ತದೆ.

ಆಲೂರು ಡ್ಯೂಟಿ
ಆಗಸ್ಟ್ 10, ಸಂಜೆ 5:20

ಹಾಸನದಲ್ಲಿ ರಕ್ತದ ಎರಡೂ ಬಾಟಲಿ ಕೂಗಿವೆ, ಅಂದರೆ ಜೀವಾಣು ಬೆಳೆದಿದೆ ಅಂತ ಯಂತ್ರ ಹೇಳಿದೆ. ಮೊದಲ ವರದಿ ‘ಸ್ಯೂಡೋಮೊನಾಸ್ ಜಾತಿ’. ಜೆಂಟಾಮೈಸಿನ್ ಆರ್ (ಬಗ್ಗದು), ಕೊಲಿಸ್ಟಿನ್ ಆರ್, ಕೋ-ಅಮಾಕ್ಸಿಕ್ಲಾವ್ ಎಸ್. ಇದೇನು ಲೆಕ್ಕ? ಸ್ಯೂಡೋಮೊನಾಸ್‌ಗೆ ಆಗ್ಮೆಂಟಿನ್ (ಕೋ-ಅಮಾಕ್ಸಿಕ್ಲಾವ್) ಕೆಲಸ ಮಾಡುತ್ತಾ?

ಪ್ಲೇಟ್ ರೀಡರ್
ಆಗಸ್ಟ್ 10, ಸಂಜೆ 6:45

ಮಾಡುವುದಿಲ್ಲ, ಅದಕ್ಕೇ ಅದು ಸ್ಯೂಡೋಮೊನಾಸ್ ಅಲ್ಲ. ಆಕ್ಸಿಡೇಸ್ ಪಾಸಿಟಿವ್ ಗ್ರಾಂ-ನೆಗೆಟಿವ್ ಕಡ್ಡಿ, ಜೆಂಟಾಮೈಸಿನ್‌ಗೆ ಬಗ್ಗದು, ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್‌ಗೆ ಬಗ್ಗದು, ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ. ಈ ಮೂರು ಡಿಸ್ಕ್ (ಔಷಧಿ ಹೀರಿದ ಬಿಲ್ಲೆ) ಸಾಲು ಹೀಗೆ ಕಂಡರೆ ಬ. ಸ್ಯೂಡೋಮಲೈ ಅಂತ ಶಂಕಿಸಿ ಪ್ಲೇಟನ್ನು ಟೇಪ್ ಹಾಕಿ ಮುಚ್ಚಬೇಕು. ಯಾವ ಸಣ್ಣ ಲ್ಯಾಬಿನಲ್ಲೂ ಈ ಮೂರು ಡಿಸ್ಕ್ ಇರುತ್ತವೆ, ಯಂತ್ರವೇ ಬೇಕು ಅಂತಿಲ್ಲ.

ಎಲ್ಲೆಲ್ಲಿ ಕೈತಪ್ಪುತ್ತದೆ ಅಂದರೆ, 24 ಗಂಟೆಯಲ್ಲಿ ಬ್ಲಡ್ ಆಗರ್ ಮೇಲೆ ಸಣ್ಣ, ನಯವಾದ, ಕೆನೆಬಣ್ಣದ ಕಾಲೊನಿ, ನೋಡಿದರೆ ಏನೂ ವಿಶೇಷವಿಲ್ಲ. ಮೂರನೇ ದಿನಕ್ಕೆ ಒಣಗಿ ಸುಕ್ಕುಗಟ್ಟುತ್ತದೆ, ಆಗ ‘ಬ್ಯಾಸಿಲಸ್, ಹೊರಗಿನ ಕಲ್ಮಶ’ ಅಂತ ಬಿಸಾಡುತ್ತಾರೆ. ಮ್ಯಾಕಾಂಕಿಯಲ್ಲಿ ಬಣ್ಣವಿಲ್ಲದೆಯೋ ನಸುಗುಲಾಬಿಯಾಗಿಯೋ ಬರುತ್ತದೆ. ಆಶ್‌ಡೌನ್‌ನಲ್ಲಿ ಮಾತ್ರ ನೇರಳೆ ಬಣ್ಣ ಹೀರಿ, ಸುಕ್ಕು ಸುಕ್ಕಾಗಿ ಚೆನ್ನಾಗಿ ಎದ್ದು ಕಾಣುತ್ತದೆ, ಅದಕ್ಕೂ ನಾಲ್ಕು ದಿನ ಬೇಕು. ಗ್ರಾಂ ಸ್ಟೇನ್‌ನಲ್ಲಿ ಎರಡು ತುದಿ ಗಾಢ, ನಡು ತಿಳಿ, ಸೇಫ್ಟಿ ಪಿನ್ ಆಕಾರ. ಹಾಗೆ ಬೇರೆ ಜೀವಾಣುಗಳೂ ಕಾಣುತ್ತವೆ, ಅದೊಂದನ್ನೇ ನಂಬಬೇಡಿ.

ಯಂತ್ರವೂ ತಪ್ಪು ಹೇಳುತ್ತದೆ. ವೈಟೆಕ್ 2 ಕೆಲವೊಮ್ಮೆ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಅನ್ನುತ್ತದೆ. ಮಾಲ್ಡಿ-ಟಾಫ್‌ನಲ್ಲಿ ಹಳೇ ಡೇಟಾಬೇಸ್ ಇದ್ದರೆ ಬರ್ಕ್‌ಹೋಲ್ಡೇರಿಯಾ ಥಾಯ್ಲಂಡೆನ್ಸಿಸ್ ಅನ್ನುತ್ತದೆ. ಶುಗರ್ ರೋಗಿಯ ರಕ್ತದಲ್ಲಿ ಈ ಹೆಸರು ಬಂದರೆ ಸುಮ್ಮನೆ ಒಪ್ಪಬೇಡಿ. ಲ್ಯಾಟೆಕ್ಸ್, ಲ್ಯಾಟರಲ್ ಫ್ಲೋ ಅಥವಾ ಟಿಟಿಎಸ್1 ಪಿಸಿಆರ್‌ನಲ್ಲಿ ಖಚಿತಪಡಿಸಬೇಕು, ಮಣಿಪಾಲದ ಕೆಎಂಸಿಯಲ್ಲಿ ಈ ಕಾಯಿಲೆಯ ಮೇಲೆ ಬಹಳ ವರ್ಷದ ಕೆಲಸ ಇದೆ.

ಕೋಟ್ರೈಮಾಕ್ಸಜೋಲ್ ಡಿಸ್ಕ್ ಓದುವಾಗ ಜಾಗ್ರತೆ. ವಲಯದ ಒಳಗೆ ಮಂಜಿನಂಥ ತೆಳು ಬೆಳವಣಿಗೆ ಇರುತ್ತದೆ, ಅದನ್ನು ಲೆಕ್ಕಕ್ಕೆ ತಗೊಂಡು ‘ಆರ್’ ಅಂತ ಬರೆದು ರೋಗಿಯ ಒಳ್ಳೆಯ ಔಷಧಿ ಕಿತ್ತುಕೊಳ್ಳುವವರು ಇದ್ದಾರೆ. ಇ-ಟೆಸ್ಟ್ (ಔಷಧಿ ಪಟ್ಟಿ) ಹಾಕಿ 80% ತಡೆಯುವ ಜಾಗದಲ್ಲಿ ಓದಿ. ಡಿಸ್ಕ್‌ಗೆ ಯುರೋಪಿನ ಮಾನದಂಡ ಸಮಿತಿ ಯುಕಾಸ್ಟ್ 2020ರಿಂದ ಈ ಜೀವಾಣುವಿಗೇ ಅಂತ ಅಳತೆ ಕೊಟ್ಟಿದೆ, ಸ್ಯೂಡೋಮೊನಾಸ್‌ನ ಕೋಷ್ಟಕ ಹಾಕಬೇಡಿ.

ಪ್ಲೇಟ್ ಮೂಸುವ ಅಭ್ಯಾಸ ಇರುವವರು ಇಲ್ಲಿ ಮೂಸಬೇಡಿ. ಕ್ಯಾಬಿನೆಟ್ ಹೊರಗೆ ತೆರೆದು ಮೂಸಿದ್ದರೆ, ಒಡೆದಿದ್ದರೆ, ಚಿಮ್ಮಿದ್ದರೆ ಆ ಟೆಕ್ನಿಷಿಯನ್‌ಗೆ ಕೋಟ್ರೈಮಾಕ್ಸಜೋಲ್ 21 ದಿನ ಕೊಡಬೇಕು, ದಿನಕ್ಕೆರಡು ಸಲ ಜ್ವರ ನೋಡಬೇಕು.

ಆಲೂರು ಡ್ಯೂಟಿ
ಆಗಸ್ಟ್ 13, ಬೆಳಿಗ್ಗೆ 8:50

ಲ್ಯಾಟೆಕ್ಸ್ ಪಾಸಿಟಿವ್. ಆಗಸ್ಟ್ 11ಕ್ಕೆ ಪ್ರಾಸ್ಟೇಟ್‌ನಿಂದ 14 ಮಿ.ಲೀ. ಕೀವು ತೆಗೆದರು. ಆದರೆ ಔಷಧಿ ಶುರುವಾಗಿ ಆರು ದಿನ, ಜ್ವರ ಇನ್ನೂ 101 ಬರುತ್ತಿದೆ. ಮನೆಯವರು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಿದ್ದಾರೆ. ಔಷಧಿ ಬದಲಿಸಬೇಕಾ?

ಘಟ್ಟದ ಫಿಜಿಶಿಯನ್
ಆಗಸ್ಟ್ 13, ಬೆಳಿಗ್ಗೆ 9:25

ಬದಲಿಸಬೇಡಿ. ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ಸರಾಸರಿ ಒಂಬತ್ತು ದಿನ, ಒಳಗೆ ಕೀವಿದ್ದರೆ ತಿಂಗಳು ದಾಟಿದ್ದೂ ಇದೆ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳದಿದ್ದರೆ ಐದನೇ ದಿನಕ್ಕೆ ಗಲಾಟೆ ಖಂಡಿತ. ಜ್ವರ ಬಿಟ್ಟು ಬೇರೆ ನೋಡಿ: ಊಟ ಸೇರುತ್ತಿದೆಯಾ, ಬಿಪಿ, ಉಸಿರಾಟ, ಬಿಳಿ ರಕ್ತಕಣ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ). ವಾರಕ್ಕೊಮ್ಮೆ ರಕ್ತದ ಕಲ್ಚರ್, ನೆಗೆಟಿವ್ ಆಗುವ ತನಕ. ಏಳು ದಿನ ಆದ ಮೇಲೂ ರಕ್ತ ಬೆಳೆಯುತ್ತಿದ್ದರೆ, ಅಥವಾ ಹೊಸ ಅಂಗಕ್ಕೆ ಹೋಗಿದ್ದರೆ, ಆಗ ಸಿಟಿ ಮತ್ತೆ ಮಾಡಿಸಿ, ಹೊಸದಾಗಿ ಬೆಳೆದ ಜೀವಾಣುವಿಗೆ ಸೆಫ್ಟಾಜಿಡೈಮ್ ಪ್ರತಿರೋಧ ಇದೆಯಾ ಪರೀಕ್ಷಿಸಿ, ಮೆರೋಪೆನೆಮ್‌ಗೆ ಹೋಗಿ. ಹೊಸದಾಗಿ ಬೆನ್ನು ನೋವು, ಮಂಡಿ ಊತ, ತಲೆನೋವು, ಮುಖ ಓರೆಯಾಗುವುದು, ಇವನ್ನು ದಿನಾ ಕೇಳಿ.

ಎಷ್ಟು ದಿನ ಅನ್ನುವುದು ಜಾಗದ ಮೇಲೆ ನಿಂತಿದೆ. ರಕ್ತದಲ್ಲಿ ಮಾತ್ರ ಇದ್ದು ಎಲ್ಲೂ ಗಂಟಿಲ್ಲದಿದ್ದರೆ ಎರಡು ವಾರ. ಒಳಗಿನ ಕೀವು, ಕೀಲು: ನಾಲ್ಕು ವಾರ. ಮೂಳೆ ಆರು, ಮೆದುಳು ಎಂಟು. ಕೀವಿರುವವರಲ್ಲಿ ಲೆಕ್ಕ ಶುರುವಾಗುವುದು ಔಷಧಿ ಹಾಕಿದ ದಿನದಿಂದಲ್ಲ, ಕೊನೆಯ ಸಲ ಕೀವು ತೆಗೆದ ದಿನದಿಂದ. ನಿಮ್ಮ ರೋಗಿಗೆ ಆಗಸ್ಟ್ 11 ಒಂದನೇ ದಿನವಲ್ಲ, ಸೊನ್ನೆ ದಿನ ಅಂತ ಇಟ್ಟುಕೊಳ್ಳಿ. ಸೆಪ್ಟೆಂಬರ್ 8ರ ತನಕ ಸೂಜಿ. ಮಧ್ಯೆ ಮತ್ತೆ ಕೀವು ತೆಗೆದರೆ ಲೆಕ್ಕ ಮತ್ತೆ ಮೊದಲಿಂದ. ದಿನಕ್ಕೆ 1 ಗ್ರಾಂನ ಎಂಟು ವಯಲ್, ನಾಲ್ಕು ವಾರಕ್ಕೆ 224. ಸ್ಟೋರ್‌ನವರಿಗೆ ಈಗಲೇ ಹೇಳಿಡಿ. ಕೈಯ ನರ ಅಷ್ಟು ದಿನ ಬಾಳುವುದಿಲ್ಲ, ಪಿಕ್ ಲೈನ್ (ತೋಳಿನಿಂದ ದೊಡ್ಡ ನರಕ್ಕೆ ಹೋಗುವ ಉದ್ದ ಟ್ಯೂಬ್) ಹಾಕಿಸಿ.

ಟಿಬಿ ಮಾತ್ರೆ ನಿಲ್ಲಿಸುವ ಬಗ್ಗೆ: ಕೀವಿನ ಟ್ರೂನ್ಯಾಟ್ ನೆಗೆಟಿವ್ ಬಂದರೆ ನಿಲ್ಲಿಸಬಹುದು, ಆದರೆ ಎರಡೂ ಒಟ್ಟಿಗೆ ಇರುವ ರೋಗಿಗಳೂ ಉಂಟು. ಕಫದ ದ್ರವ ಕಲ್ಚರ್ ಕಳಿಸಿಡಿ, ಆರು ವಾರ ಬೇಕು. ನಿಕ್ಷಯ್‌ನಲ್ಲಿ (ಸರ್ಕಾರದ ಟಿಬಿ ದಾಖಲೆ) ನೋಂದಣಿ ಆಗಿದ್ದರೆ ಕ್ಷಯರೋಗ ವಿಭಾಗಕ್ಕೆ ಬರೆದು ತಿಳಿಸಿ. ಇಲ್ಲದಿದ್ದರೆ ‘ಮಾತ್ರೆ ಬಿಟ್ಟವರು’ ಅಂತ ಮನೆ ಬಾಗಿಲಿಗೆ ಬಂದು ಮತ್ತೆ ಅದನ್ನೇ ಕೊಟ್ಟು ಹೋಗುತ್ತಾರೆ.

ಸಿಎಚ್‌ಒ ಬೇಲೂರು ತಾಲ್ಲೂಕು
ಆಗಸ್ಟ್ 14, ಮಧ್ಯಾಹ್ನ 1:10

ಇಂಥವರು ಮನೆಗೆ ಬಂದಾಗ ಊರಲ್ಲಿ ಕೇಳುತ್ತಾರೆ: ತಟ್ಟೆ-ಲೋಟ ಬೇರೆ ಇಡಬೇಕಾ, ಮಕ್ಕಳಿಗೆ ಹರಡುತ್ತಾ, ಗದ್ದೆಗೆ ಇನ್ನು ಇಳಿಯಬಾರದಾ?

ಘಟ್ಟದ ಫಿಜಿಶಿಯನ್
ಆಗಸ್ಟ್ 14, ಮಧ್ಯಾಹ್ನ 2:00

ತಟ್ಟೆ-ಲೋಟ ಬೇರೆ ಬೇಡ ಅಕ್ಕ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ತೀರಾ ಅಪರೂಪ. ಕೀವು ಸೋರುತ್ತಿದ್ದರೆ ಗ್ಲೌಸ್ ಹಾಕಿ ಡ್ರೆಸಿಂಗ್ ಮಾಡಿದರೆ ಸಾಕು.

ಮನೆಯಲ್ಲಿ ಬೇರೆ ಯಾರಿಗೆ ಶುಗರ್ ಇದೆ ಅಂತ ನೋಡುವುದು ಹೆಚ್ಚು ಮುಖ್ಯ, ಅವರೂ ಅದೇ ಕೆಸರಿಗೆ ಇಳಿಯುವವರು. ಕಿಡ್ನಿ ಕಾಯಿಲೆ, ಹೆಚ್ಚು ಕುಡಿತ, ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು, ಥಲಸ್ಸೇಮಿಯಾ ಇರುವವರು ಕೂಡ ಪಟ್ಟಿಯಲ್ಲಿ ಬರಲಿ. ಗದ್ದೆಗೆ ಗಂಬೂಟು, ಕೈಗೆ ಗ್ಲೌಸ್. ನಾಟಿ ಮಾಡುವಾಗ ಗಂಬೂಟು ಕೆಸರಿನಲ್ಲಿ ಹೂತುಕೊಳ್ಳುತ್ತೆ ಅಂತ ಯಾರೂ ಹಾಕುವುದಿಲ್ಲ, ಅದು ನಿಜವೇ. ಹಾಗಾದರೆ ಕನಿಷ್ಠ ಕಾಲಲ್ಲಿ ಗಾಯ, ಹಿಮ್ಮಡಿ ಬಿರುಕು ಇರುವ ಶುಗರ್‌ನವರು ಗಾಯ ಮಾಯುವ ತನಕ ಬದು ಮೇಲಿನ ಕೆಲಸ ನೋಡಿಕೊಳ್ಳಲಿ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕಾಲು ತೊಳೆಯಲಿ, ಕುಡಿಯುವ ನೀರು ಕಾಯಿಸಲಿ. ಲಸಿಕೆ ಇಲ್ಲ.

ಮಕ್ಕಳಲ್ಲಿ ಇದು ಒಂದೇ ಕೆನ್ನೆ ಊದಿ ಕೆಪ್ಪಟರಾಯನ ಹಾಗೆ ಬರಬಹುದು. ಒಂದು ಕಡೆಯೇ ಊದಿ, ಕೆಂಪಾಗಿ, ಕೀವು ಕಟ್ಟಿದರೆ ಮನೆ ಲೇಪ ಹಚ್ಚುತ್ತ ಕೂರದೆ ಕಳಿಸಿ.

ಔಷಧಿ ಕೌಂಟರ್
ಸೆಪ್ಟೆಂಬರ್ 7, ಸಂಜೆ 7:35

ನಾಳೆ ಡಿಸ್ಚಾರ್ಜ್ ಅಂದಿದ್ದೀರಿ, ಹಾಗಾಗಿ ಮಾತ್ರೆಯ ವಿಷಯ. ಸೂಜಿ ಮುಗಿದ ಮೇಲಿನ ಎರಡನೇ ಹಂತ ಮೂರು ತಿಂಗಳು, ಮೂಳೆ ಅಥವಾ ಮೆದುಳಾದರೆ ಆರು. ಆಸ್ಪತ್ರೆಯಲ್ಲಿ ಜೊತೆಗೆ ಕೊಟ್ಟ ದಿನಗಳು ಇದರಲ್ಲಿ ಸೇರುವುದಿಲ್ಲ. ಸೆಪ್ಟೆಂಬರ್ 8ರಿಂದ ಡಿಸೆಂಬರ್ 8.

ಹಿಂದೆ ಡಾಕ್ಸಿಸೈಕ್ಲಿನ್ ಕೂಡ ಸೇರಿಸುತ್ತಿದ್ದರು. 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಮರ್ತ್ ಪ್ರಯೋಗದ ನಂತರ ಕೋಟ್ರೈಮಾಕ್ಸಜೋಲ್ ಒಂದೇ ಸಾಕು ಅಂತಾಯ್ತು, ಹೊಟ್ಟೆ ತೊಳಸುವುದೂ ಕಡಿಮೆ. 60 ಕೆಜಿ ಮೇಲಿದ್ದರೆ ಎರಡು ಡಿಎಸ್, 40ರಿಂದ 60ಕ್ಕೆ ಒಂದೂವರೆ, 40ಕ್ಕಿಂತ ಕಡಿಮೆ ಇರುವ ದೊಡ್ಡವರಿಗೆ ಒಂದು, ಬೆಳಿಗ್ಗೆ-ರಾತ್ರಿ. ಇಲ್ಲಿ ಎಡವುವುದು ಹೇಗೆಂದರೆ, ಕೌಂಟರ್‌ನಲ್ಲಿ ಈ ಮಾತ್ರೆಯ ಬ್ರಾಂಡ್ ಹೆಸರಲ್ಲಿ ‘ಸೆಪ್ಟ್ರಾನ್ ದಿನಕ್ಕೆರಡು’ ಅಂದರೆ ಒಂದೊಂದೇ ಕೊಡುತ್ತಾರೆ, ಅದು ಮೂತ್ರದ ಸೋಂಕಿನ ಡೋಸ್. ಡಿಎಸ್ ಬದಲು 80/400ರ ಸಾದಾ ಮಾತ್ರೆ ಕೊಟ್ಟರೆ ಇನ್ನೂ ಅರ್ಧ. ಚೀಟಿಯಲ್ಲಿ ‘160/800ರ ಮಾತ್ರೆ, ಒಂದೂವರೆ’ ಅಂತ ಅಕ್ಷರದಲ್ಲಿ ಬರೆಯಿರಿ. ಮುರಿಯಲು ಬಾರದಿದ್ದರೆ ಸಾದಾ ಮಾತ್ರೆ ಮೂರು ಕೊಡಬಹುದು, ಲೆಕ್ಕ ಒಂದೇ.

ಅಗ್ಗದ ಮಾತ್ರೆ, ಆದ್ದರಿಂದಲೇ ಬಿಡುತ್ತಾರೆ. ಸೂಜಿಯಲ್ಲಿ ಗುಣವಾಯಿತು, ಈ ಎರಡು ರೂಪಾಯಿ ಮಾತ್ರೆಯಿಂದ ಏನಾಗಬೇಕು ಅಂತ. ಕಾಯಿಲೆ ಮರುಕಳಿಸುವುದಕ್ಕೆ ದೊಡ್ಡ ಕಾರಣ ಇದೇ. ಸಲ್ಫಾ ಆಗದವರಿಗೆ ಡಾಕ್ಸಿಸೈಕ್ಲಿನ್ 100 ಎರಡು ಹೊತ್ತು, ಗರ್ಭಿಣಿಯರಿಗೆ ಕೋ-ಅಮಾಕ್ಸಿಕ್ಲಾವ್ ದಿನಕ್ಕೆ ಮೂರು ಸಲ. ಇದರಲ್ಲಿ ಮರುಕಳಿಕೆ ಹೆಚ್ಚು, ಅದನ್ನು ತಿಳಿದೇ ಕೊಡಬೇಕು.

ಮೈಮೇಲೆ ಕೆಂಪು ದದ್ದು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಕಂಡರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ. ಮೊದಲ ತಿಂಗಳು ವಾರಕ್ಕೊಮ್ಮೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ರಕ್ತಕಣ. ಆಮೇಲೆ ಎರಡು ವಾರಕ್ಕೊಮ್ಮೆ.

ಆಲೂರು ಡ್ಯೂಟಿ
ಸೆಪ್ಟೆಂಬರ್ 16, ಬೆಳಿಗ್ಗೆ 10:30

ಮನೆಗೆ ಹೋಗಿ ಎಂಟು ದಿನ. ಜ್ವರ ಇಲ್ಲ, ತೂಕ 50. ಕ್ರಿಯಾಟಿನಿನ್ 1.1 ಇದ್ದದ್ದು 1.4, ಪೊಟ್ಯಾಸಿಯಂ 5.7. ಮಾತ್ರೆ ನಿಲ್ಲಿಸಲಾ?

ಘಟ್ಟದ ಫಿಜಿಶಿಯನ್
ಸೆಪ್ಟೆಂಬರ್ 16, ಬೆಳಿಗ್ಗೆ 10:48

ಮೊದಲು ಇಸಿಜಿ. ಟಿ ಅಲೆ ಚೂಪಾಗಿದ್ದರೆ, ಕ್ಯೂಆರ್‌ಎಸ್ ಅಗಲವಾಗಿದ್ದರೆ ದಾಖಲು ಮಾಡಿ ಕ್ಯಾಲ್ಸಿಯಂ ಗ್ಲುಕೊನೇಟ್. ಇಸಿಜಿ ಸರಿ ಇದ್ದರೆ ಗಾಬರಿ ಬೇಡ. ಕ್ರಿಯಾಟಿನಿನ್‌ನಲ್ಲಿ ಇಷ್ಟು ಏರಿಕೆ ಟ್ರೈಮೆಥೋಪ್ರಿಮ್ ಅದರ ವಿಸರ್ಜನೆಯನ್ನು ತಡೆಯುವುದರಿಂದಲೇ ಬರಬಹುದು, ಕಿಡ್ನಿ ಕೆಟ್ಟಿದೆ ಅಂತಲೇ ಅಲ್ಲ. ಯೂರಿಯಾ ಜೊತೆಗಿಟ್ಟು ನೋಡಿ, ಅದೂ ಏರಿದ್ದರೆ ಬೇರೆ ಮಾತು. ಪೊಟ್ಯಾಸಿಯಂ 5.7ಕ್ಕೆ ಕಾರಣ ಹುಡುಕಿ: ಎಳನೀರು, ಬಾಳೆಹಣ್ಣು ಎಷ್ಟು ಹೋಗುತ್ತಿದೆ, ನೋವಿನ ಮಾತ್ರೆ ಏನಾದರೂ ತಗೊಳ್ಳುತ್ತಿದ್ದಾರಾ, ಟೆಲ್ಮಿಸಾರ್ಟನ್ ನಿಜವಾಗಿ ನಿಂತಿದೆಯಾ. ಮನೆಯಲ್ಲಿರುವ ಮಾತ್ರೆ ಡಬ್ಬಿಯನ್ನೇ ತರಿಸಿ, ಬಾಯಿಮಾತು ಸಾಲದು.

ಆಲೂರು ಡ್ಯೂಟಿ
ಸೆಪ್ಟೆಂಬರ್ 16, ಸಂಜೆ 6:20

ಇಸಿಜಿ ಸರಿ ಇದೆ, ಯೂರಿಯಾ 28. ಡಬ್ಬಿಯಲ್ಲಿ ಅಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟನ್ ಎರಡೂ ಇದ್ದವು, ಎರಡನ್ನೂ ತಗೊಳ್ಳುತ್ತಿದ್ದರು. ‘ಶಕ್ತಿ ಬರಲಿ’ ಅಂತ ದಿನಕ್ಕೆರಡು ಎಳನೀರು ಬೇರೆ. ಟೆಲ್ಮಿಸಾರ್ಟನ್, ಎಳನೀರು ಎರಡೂ ನಿಲ್ಲಿಸಿದೆ.

ಘಟ್ಟದ ಫಿಜಿಶಿಯನ್
ಸೆಪ್ಟೆಂಬರ್ 16, ಸಂಜೆ 6:41

ಹಾಗಾದರೆ ಒಂದೂವರೆ ಡೋಸ್ ಹಾಗೇ ಇರಲಿ. ನಾಳಿದ್ದು ಪೊಟ್ಯಾಸಿಯಂ ಮತ್ತೆ ನೋಡಿ. 5.5ಕ್ಕಿಂತ ಕೆಳಗೆ ಬರದಿದ್ದರೆ ಹಾಸನದ ಘಟಕದ ಜೊತೆ ಮಾತಾಡಿ ಡಾಕ್ಸಿಸೈಕ್ಲಿನ್‌ಗೆ ಬದಲಿಸೋಣ. ತೂಕ ಏರುತ್ತ ಹೋದಂತೆ 60 ದಾಟಿದರೆ ಡೋಸ್ ಕೂಡ ಏರಬೇಕು, ಪ್ರತಿ ಭೇಟಿಯಲ್ಲೂ ತೂಕ ಬರೆಯಿರಿ.

ಆಲೂರು ಡ್ಯೂಟಿ
ಸೆಪ್ಟೆಂಬರ್ 18, ಮಧ್ಯಾಹ್ನ 12:15

ಪೊಟ್ಯಾಸಿಯಂ 4.8, ಕ್ರಿಯಾಟಿನಿನ್ 1.3. ಮಾತ್ರೆ ಮುಂದುವರಿದಿದೆ. ಕಫದ ದ್ರವ ಕಲ್ಚರ್ ಇವತ್ತಿನ ತನಕ ನೆಗೆಟಿವ್, ಇನ್ನೊಂದು ವಾರ ಬಾಕಿ.